ದೂರದ ಸವಾರಿಗೆ ಹೊಂದುವ ಸೈಕಲ್ ಸೀಟು

ಸೈಕಲ್ ಏರಿದವರ ಮೈಭಾರ ಮೂರು ಕಡೆ ಹಂಚಿಹೋಗುತ್ತದೆ: ಪೆಡಲ್ ತುಳಿಯುವ ಪಾದ, ಹ್ಯಾಂಡಲ್ ಹಿಡಿದ ಅಂಗೈ, ಸೀಟಿಗೆ ತಗುಲಿದ ಪೃಷ್ಠ. ಕಾಲು ಜೋರಾಗಿ ತುಳಿಯುತ್ತಿರುವಷ್ಟು ಹೊತ್ತು ಸೀಟಿನ ಮೇಲಿನ ಭಾರ ಹಗುರ. ದಣಿವಾಗಿ ತುಳಿತ ಸಡಿಲಾದಂತೆ ಭಾರವೆಲ್ಲ ಸೀಟಿನ ಮೇಲೆ ಇಳಿಯುತ್ತದೆ. ಮೊದಲ 10 ಕಿಲೋಮೀಟರ್‌ನಲ್ಲಿ ಗೊತ್ತೇ ಆಗದ ಸೀಟಿನ ದೋಷ 80ನೆಯ ಕಿಲೋಮೀಟರ್‌ನಲ್ಲಿ ತಲೆ ಎತ್ತುವುದು ಈ ಕಾರಣಕ್ಕೆ.

ಗಟ್ಟಿ ಮಣೆಯ ಮೇಲೆ ಕುಳಿತು ಎರಡೂ ಅಂಗೈಗಳನ್ನು ಪೃಷ್ಠದ ಕೆಳಗೆ ತೂರಿಸಿದರೆ ಎಡಕ್ಕೊಂದು ಬಲಕ್ಕೊಂದು ಗಂಟಿನಂಥ ಮೂಳೆ ಕೈಗೆ ಒತ್ತುತ್ತದೆ. ವೈದ್ಯರು ಇವನ್ನು ಇಶ್ಚಿಯಲ್ ಟ್ಯುಬೆರಾಸಿಟಿ ಎನ್ನುತ್ತಾರೆ. ಸೈಕಲ್ ಸವಾರರ ಬಾಯಲ್ಲಿ ಅವು ಸಿಟ್ ಬೋನ್. ಕುಳಿತಾಗ ಮೈಭಾರ ಹೊರಲಿಕ್ಕೆಂದೇ ಇರುವ ಮೂಳೆಗಳಿವು. ಇವೆರಡರ ನಡುವಿನ ಮೆತ್ತನೆಯ ಜಾಗಕ್ಕೆ ಆ ಶಕ್ತಿಯಿಲ್ಲ. ಗುಹ್ಯಾಂಗಕ್ಕೆ ಹೋಗುವ ಪ್ಯುಡೆಂಡಲ್ ನರವೂ ರಕ್ತನಾಳಗಳೂ ಅಲ್ಲಿಯೇ ಹಾಯುತ್ತವೆ. ಭಾರ ಮೂಳೆಗಳನ್ನು ಬಿಟ್ಟು ಈ ನಡುಭಾಗಕ್ಕೆ ಜಾರಿದರೆ ಜೋಮು ಹಿಡಿಯುತ್ತದೆ, ಉರಿ ಹತ್ತುತ್ತದೆ. ಹಾಗಾಗಿ ಒಳ್ಳೆಯ ಸೀಟಿನಿಂದ ಆಗಬೇಕಾದ ಕೆಲಸ ಇಷ್ಟೆ: ಮೂಳೆಗಳಿಗೆ ಆಧಾರ ಕೊಡಬೇಕು, ನಡುವೆ ಒತ್ತಬಾರದು, ಪೆಡಲ್ ತುಳಿಯುವಾಗ ತೊಡೆಗೆ ಉಜ್ಜಬಾರದು.

ಮೆತ್ತಗಿದ್ದರೆ ಸಾಲದು

ಅಂಗಡಿಯಲ್ಲಿ ಸೀಟು ಆರಿಸುವವರು ಮೊದಲು ಮಾಡುವುದು ಹೆಬ್ಬೆರಳಿನಿಂದ ಒತ್ತಿ ನೋಡುವುದು. ಹೆಚ್ಚು ತಗ್ಗಿದ್ದು ಹೆಚ್ಚು ಹಿತ ಎಂಬುದು ಲೆಕ್ಕ. ಮನೆಯಿಂದ ಸಂತೆಗೆ, ಸ್ಟೇಷನ್‌ಗೆ ಹೋಗಿಬರುವ ಮಟ್ಟಿಗೆ ಆ ಲೆಕ್ಕ ಸರಿಯೇ. ಎರಡು ಗಂಟೆ ದಾಟಿದ ಮೇಲೆ ಅದು ತಲೆಕೆಳಗಾಗುತ್ತದೆ. ದಪ್ಪ ಸ್ಪಂಜು ಅಥವಾ ಜೆಲ್ ತುಂಬಿದ ಸೀಟಿನಲ್ಲಿ ಮೂಳೆಗಳು ಹೂತು ಹೋಗುತ್ತವೆ. ಹೂತ ಜಾಗದ ಸ್ಪಂಜು ಅಕ್ಕಪಕ್ಕಕ್ಕೆ ಸರಿದು ನಡುವೆ ಉಬ್ಬಿ ನಿಲ್ಲುತ್ತದೆ. ಯಾವ ಜಾಗಕ್ಕೆ ಭಾರ ಬೀಳಬಾರದೋ ಅಲ್ಲಿಗೇ ಮೇಲ್ಮುಖದ ಒತ್ತಡ ಶುರುವಾಗುತ್ತದೆ. ಜೊತೆಗೆ ಮೆತ್ತನೆಯ ಮೇಲ್ಮೈ ಪ್ರತಿ ತುಳಿತಕ್ಕೂ ಮೈಯೊಂದಿಗೆ ಅಲುಗಾಡಿ ಚರ್ಮವನ್ನು ಉಜ್ಜುತ್ತದೆ, ಬೆವರನ್ನು ಹಿಡಿದಿಡುತ್ತದೆ. ಇರುವ ಸೀಟಿನ ಮೇಲೆಯೇ ತೊಡಿಸುವ ಜೆಲ್ ಕವರ್‌ಗಳದು ಇನ್ನೂ ಒಂದು ತಾಪತ್ರಯ: ಅವು ಒಂದು ಕಡೆಗೆ ಜಾರುತ್ತವೆ. ದೂರದ ಸವಾರಿಗೆ ಅವುಗಳ ಮೇಲೆ ಹಾಕುವ ಹಣ ದಂಡ ಎಂದೇ ಹೇಳಬೇಕು.

ಬಹುದೂರ ಹೋಗುವವರ ಸೀಟುಗಳು ಕೈಗೆ ಗಟ್ಟಿ ಎನಿಸುವುದಕ್ಕೆ ಹಿನ್ನೆಲೆ ಇದು. ಹಾಗೆಂದು ಗಟ್ಟಿಯಾದದ್ದೆಲ್ಲ ಒಳ್ಳೆಯದೂ ಅಲ್ಲ. ಮೂಳೆಗಳು ಕೂರುವ ಜಾಗದಲ್ಲಿ ತಕ್ಕಷ್ಟು ಬಿಗಿಯಾದ, ತೆಳುವಾದ ಪದರ ಇದ್ದರೆ ಸಾಕು. ಅಗಲ ತಪ್ಪಿದ ಸೀಟನ್ನು ಎಷ್ಟೇ ಒಳ್ಳೆಯ ಸ್ಪಂಜೂ ಸರಿಪಡಿಸಲಾರದು.

ಕೂರುವ ಭಂಗಿ, ಸೀಟಿನ ಅಗಲ

ಸೀಟಿಗಿಂತ ಮೊದಲು ನೋಡಬೇಕಾದ್ದು ಸೈಕಲ್ಲಿನ ಮೇಲೆ ಬೆನ್ನು ಎಷ್ಟು ಬಾಗುತ್ತದೆ ಎಂಬುದನ್ನು. ಹಾಲಿನವರು, ಪೇಪರ್ ಹಾಕುವವರು ಓಡಿಸುತ್ತಿದ್ದ ಕಪ್ಪು ಸೈಕಲ್‌ಗಳಲ್ಲಿ ಬೆನ್ನು ಹೆಚ್ಚುಕಡಿಮೆ ನೆಟ್ಟಗಿರುತ್ತದೆ. ಭಾರದ ಬಹುಪಾಲು ನೇರವಾಗಿ ಕೂರುವ ಮೂಳೆಗಳ ಮೇಲೆ ಬೀಳುತ್ತದೆ. ಅವುಗಳಿಗೆ ಅಗಲವಾದ, ಸ್ಪ್ರಿಂಗ್ ಇರುವ ಸೀಟು ಹಾಕಿದ್ದು ಸುಮ್ಮನೆ ಅಲ್ಲ. ಹೈಬ್ರಿಡ್ ಸೈಕಲ್‌ನಲ್ಲಿ ಬೆನ್ನು ಅರ್ಧ ಬಾಗುತ್ತದೆ. ಡ್ರಾಪ್ ಹ್ಯಾಂಡಲ್ ಇರುವ ರೋಡ್ ಬೈಕ್‌ನಲ್ಲಿ ಸೊಂಟವೇ ಮುಂದಕ್ಕೆ ಹೊರಳಿ, ಮೂಳೆಗಳ ಮುಂಭಾಗ ಸೀಟಿಗೆ ತಗುಲುತ್ತದೆ. ಆ ಎರಡು ಮೂಳೆಗಳು ಮುಂದೆ ಹೋದಂತೆ ಒಂದಕ್ಕೊಂದು ಹತ್ತಿರವಾಗುತ್ತವೆ. ಅದಕ್ಕೇ ಬಾಗಿದಷ್ಟೂ ಸೀಟು ಕಿರಿದಾಗಬೇಕು, ನಡುವಿನ ಮೆದು ಭಾಗಕ್ಕೆ ಹೆಚ್ಚು ಬಿಡುವು ಬೇಕು. ಒಬ್ಬರೇ ಎರಡು ಬಗೆಯ ಸೈಕಲ್ ಓಡಿಸಿದರೆ ಎರಡಕ್ಕೂ ಬೇರೆ ಬೇರೆ ಸೀಟು ಬೇಕಾಗುವುದು ಹೀಗೆ. ಗೆಳೆಯರಿಗೆ ಹೊಂದಿದ ಸೀಟು ತನಗೂ ಹೊಂದೀತು ಎಂದು ಕಣ್ಣುಮುಚ್ಚಿ ಕೊಳ್ಳುವಂತಿಲ್ಲ ಎನ್ನುವುದಕ್ಕೂ ಇದೇ ಆಧಾರ.

ಮೂಳೆಗಳ ನಡುವಿನ ಅಂತರವನ್ನು ಮನೆಯಲ್ಲೇ ಅಳೆಯಬಹುದು. ಪಾರ್ಸೆಲ್ ಡಬ್ಬಿಯ ಅಲೆಯಲೆ ಪದರದ ರಟ್ಟಿನ ತುಂಡೊಂದನ್ನು ಮೆಟ್ಟಿಲ ಮೇಲೆ ಅಥವಾ ಗಟ್ಟಿ ಸ್ಟೂಲಿನ ಮೇಲೆ ಇಡಬೇಕು. ತೆಳು ಬಟ್ಟೆಯಲ್ಲಿ ಅದರ ಮೇಲೆ ಕುಳಿತು, ಸೈಕಲ್ ಮೇಲೆ ಬಾಗುವಷ್ಟೇ ಮುಂದಕ್ಕೆ ಬಾಗಿ, ಹಿಮ್ಮಡಿಗಳನ್ನು ನೆಲದಿಂದ ಎತ್ತಿ ಅರ್ಧ ನಿಮಿಷ ಹಾಗೆಯೇ ಇರಬೇಕು. ಎದ್ದ ಮೇಲೆ ರಟ್ಟಿನಲ್ಲಿ ಎರಡು ತಗ್ಗು ಮೂಡಿರುತ್ತವೆ. ಬೆಳಕನ್ನು ಓರೆಯಾಗಿ ಬಿಟ್ಟರೆ, ಇಲ್ಲವೇ ಸೀಮೆಸುಣ್ಣವನ್ನು ಅಡ್ಡ ಹಿಡಿದು ಮೇಲಿಂದ ಸವರಿದರೆ ತಗ್ಗು ಚೆನ್ನಾಗಿ ಕಾಣುತ್ತದೆ. ಒಂದು ತಗ್ಗಿನ ನಡುವಿನಿಂದ ಇನ್ನೊಂದರ ನಡುವಿಗೆ ಸ್ಕೇಲಿಟ್ಟು ಅಳೆದರೆ ಬರುವುದೇ ಬೇಕಾದ ಅಂತರ. ದೊಡ್ಡವರಲ್ಲಿ ಇದು ಸಾಮಾನ್ಯವಾಗಿ 10ರಿಂದ 15 ಸೆಂ.ಮೀ. ಒಳಗೆ ಬರುತ್ತದೆ. ಮೈ ದಪ್ಪಕ್ಕೂ ಇದಕ್ಕೂ ನಂಟಿಲ್ಲ. ದಪ್ಪ ಮೈಯವರ ಮೂಳೆಗಳು ಹತ್ತಿರವಿರಬಹುದು, ತೆಳ್ಳಗಿನವರದು ದೂರವಿರಬಹುದು.

ಅಳತೆ ಸಿಕ್ಕ ಮೇಲೆ ಬಾಗಿ ಓಡಿಸುವವರು ಅದಕ್ಕೆ ಸುಮಾರು 2 ಸೆಂ.ಮೀ., ನೆಟ್ಟಗೆ ಕೂರುವವರು 3 ಸೆಂ.ಮೀ. ಅಥವಾ ಇನ್ನೂ ಸ್ವಲ್ಪ ಹೆಚ್ಚು ಸೇರಿಸಿ ಸೀಟಿನ ಅಗಲ ನಿಶ್ಚಯಿಸಬಹುದು. ಅಂತರ 12 ಸೆಂ.ಮೀ. ಬಂದರೆ ರೋಡ್ ಬೈಕ್‌ಗೆ 140 ಮಿ.ಮೀ. ಆಸುಪಾಸಿನದು ಸರಿಹೋಗುತ್ತದೆ. ದೊಡ್ಡ ಕಂಪನಿಗಳು ಒಂದೇ ಸೀಟನ್ನು ಎರಡು ಮೂರು ಅಗಲಗಳಲ್ಲಿ ಮಾರುತ್ತವೆ. ಸ್ಪೆಷಲೈಸ್ಡ್ ಕಂಪನಿಯ ಸೀಟುಗಳ ಮೇಲೆ ಕಾಣುವ 143, 155, 168 ಎಂಬ ಅಂಕಿಗಳು ಮಿಲಿಮೀಟರ್ ಲೆಕ್ಕದ ಈ ಅಗಲವೇ. ಅಂಕಿ ಒಂದನ್ನೇ ನಂಬಿದರೂ ಮೋಸಹೋಗಬಹುದು. ಸೀಟಿನ ಹಿಂಭಾಗ ಸಮತಟ್ಟಾಗಿರದೆ ಅಂಚುಗಳು ಕೆಳಕ್ಕೆ ಬಾಗಿದ್ದರೆ, ಅಳತೆಯಲ್ಲಿ 155 ಇದ್ದರೂ ಮೂಳೆ ಕೂರಲು ಸಿಗುವ ಜಾಗ ಅದಕ್ಕಿಂತ ಕಿರಿದು. ಸೀಟನ್ನು ಹಿಂದಿನಿಂದ ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿದರೆ ಇದು ಕೂಡಲೇ ತಿಳಿಯುತ್ತದೆ.

ಹೆಂಗಸರ ಸೊಂಟದ ಮೂಳೆ ಸರಾಸರಿಯಲ್ಲಿ ಗಂಡಸರದಕ್ಕಿಂತ ಅಗಲ. ಮಹಿಳೆಯರ ಸೀಟು ಎಂಬ ಹಣೆಪಟ್ಟಿ ಹೊತ್ತವು ಅಗಲವಾಗಿ, ಮೂತಿ ಗಿಡ್ಡವಾಗಿ ಇರುವುದು ಅದರಿಂದ. ಆದರೆ ಸರಾಸರಿ ಎಂಬುದು ಯಾರೊಬ್ಬರ ಅಳತೆಯೂ ಅಲ್ಲ. ಹಣೆಪಟ್ಟಿಗಿಂತ ರಟ್ಟಿನ ಮೇಲಿನ ಗುರುತೇ ಹೆಚ್ಚು ನಂಬಿಕಸ್ಥ. ಮಹಿಳೆಯರ ಸೀಟು ಸರಿಹೋದ ಗಂಡಸರೂ ಇದ್ದಾರೆ.

ಸೀಳು, ಮೂತಿ, ಚರ್ಮ

ಸೀಟಿನ ನಡುವೆ ಉದ್ದಕ್ಕೆ ತೂತು ಅಥವಾ ಕಾಲುವೆ ಕೊರೆಯುವುದು ಈಗ ಎಲ್ಲೆಡೆ ಕಾಣುವ ವಿನ್ಯಾಸ. ಇದು ಜೋರು ಹಿಡಿದದ್ದು 1990ರ ದಶಕದಲ್ಲಿ. ಅಮೆರಿಕದಲ್ಲಿ ಹೆಂಗಸರಿಗೆಂದೇ ಸೈಕಲ್ ತಯಾರಿಸುತ್ತಿದ್ದ ಜಾರ್ಜಿನಾ ಟೆರ್ರಿ ಅವರ ಸೀಟುಗಳಲ್ಲಿ ಮುಂಭಾಗಕ್ಕೆ ತೂತು ಬಂತು. 1997ರಲ್ಲಿ ಬಾಸ್ಟನ್ನಿನ ಮೂತ್ರರೋಗ ತಜ್ಞ ಇರ್ವಿನ್ ಗೋಲ್ಡ್‌ಸ್ಟೀನ್ ಅವರು ಸೀಟಿನ ಒತ್ತಡದಿಂದ ಗಂಡಸರ ಲೈಂಗಿಕ ಆರೋಗ್ಯ ಕೆಡುತ್ತದೆಂದು ಎಚ್ಚರಿಸಿದಾಗ ದೊಡ್ಡ ಗದ್ದಲವೇ ಎದ್ದಿತು. ಹೆಚ್ಚುಕಡಿಮೆ ಅದೇ ಹೊತ್ತಿಗೆ ರೋಜರ್ ಮಿಂಕೋ ಎಂಬ ವೈದ್ಯರು ಸ್ಪೆಷಲೈಸ್ಡ್ ಕಂಪನಿಗಾಗಿ ಹಿಂಭಾಗದಲ್ಲಿ ಸೀಳಿದ ಸೀಟನ್ನು ರೂಪಿಸಿದರು. ಸೀಳು ಬಹಳ ಮಂದಿಗೆ ನಿಜಕ್ಕೂ ಜೋಮು ತಪ್ಪಿಸುತ್ತದೆ. ಕೆಲವರಿಗೆ ಮಾತ್ರ ಸೀಳಿನ ಅಂಚೇ ಒತ್ತಿ ಗೆರೆ ಮೂಡಿಸುತ್ತದೆ, ಮೆದು ಭಾಗ ತೂತಿನೊಳಕ್ಕೆ ಇಳಿದು ಊದುತ್ತದೆ. ಅಂಥವರಿಗೆ ಪೂರ್ತಿ ಕೊರೆದ ತೂತಿಗಿಂತ ಆಳವಿಲ್ಲದ ಕಾಲುವೆಯಿರುವ ಸೀಟು ಮೇಲು.

ಮೂತಿಯ ಉದ್ದವೂ ಬದಲಾಗಿದೆ. ರೇಸ್ ಸೈಕಲ್‌ಗಳ ಸೀಟು 24ರಿಂದ 30 ಸೆಂ.ಮೀ. ಉದ್ದವಿರಬೇಕೆಂಬುದು ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟವಾದ ಯುಸಿಐ ನಿಯಮ. ಹಳೆಯ ಮಾದರಿಗಳು 27–28 ಸೆಂ.ಮೀ. ಇರುತ್ತಿದ್ದವು. 2015ರಲ್ಲಿ ಬಂದ ಸ್ಪೆಷಲೈಸ್ಡ್ ಪವರ್ ಸೀಟಿನ ನಂತರ 24 ಸೆಂ.ಮೀ. ಆಸುಪಾಸಿನ ಗಿಡ್ಡಮೂತಿಯ ಸೀಟುಗಳು ಹಲವು ಕಂಪನಿಗಳಿಂದ ಬಂದವು. ಮುಂದಕ್ಕೆ ಬಾಗಿ ಸೊಂಟ ಹೊರಳಿಸಿ ಕೂರುವವರಿಗೆ ಇವು ಹಿತ. ಗಂಟೆಗಟ್ಟಲೆ ಕೂರುವಾಗ ಆಗಾಗ ಹಿಂದೆ ಮುಂದೆ ಸರಿಯುವ ಅಭ್ಯಾಸವಿದ್ದವರಿಗೆ ಉದ್ದ ಸೀಟೇ ಅನುಕೂಲ, ಏಕೆಂದರೆ ಗಿಡ್ಡ ಸೀಟಿನಲ್ಲಿ ಕೂರುವ ಜಾಗ ಒಂದೇ. ಮೂತಿಯೇ ಇಲ್ಲದ ಸೀಟುಗಳೂ ಉಂಟು. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಶ್ ಸೈಕಲ್ ಮೇಲೆ ಗಸ್ತು ತಿರುಗುವ ಪೊಲೀಸರಿಗೆ ಅಂಥ ಸೀಟು ಕೊಟ್ಟು ಆರು ತಿಂಗಳು ನೋಡಿ, ಜೋಮಿನ ದೂರು ಬಹಳ ತಗ್ಗಿತೆಂದು 2008ರಲ್ಲಿ ವರದಿ ಮಾಡಿತು. ಆದರೂ ತಿರುವಿನಲ್ಲಿ ತೊಡೆಯಿಂದ ಮೂತಿಯನ್ನು ಒತ್ತಿ ಸೈಕಲ್ ಹತೋಟಿಯಲ್ಲಿಡುವುದು ರೂಢಿಯಾದವರಿಗೆ ಮೂತಿಯಿಲ್ಲದ ಸೀಟು ಮೊದಮೊದಲು ಅಳುಕು ಹುಟ್ಟಿಸುತ್ತದೆ.

ಇವೆಲ್ಲಕ್ಕಿಂತ ಹಳೆಯದು, ಬಹುದೂರದ ಸವಾರರು ಇಂದಿಗೂ ಬಿಡದ್ದು, ಚರ್ಮದ ಸೀಟು. 1866ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಕುದುರೆ ಸಾಮಾನುಗಳ ವ್ಯಾಪಾರವಾಗಿ ಶುರುವಾದ ಬ್ರೂಕ್ಸ್ ಕಂಪನಿ 1882ರಲ್ಲಿ ಸೈಕಲ್ ಸೀಟಿಗೆ ಪೇಟೆಂಟ್ ಪಡೆಯಿತು. ಅದರ ಬಿ17 ಮಾದರಿ 1890ರ ದಶಕದಿಂದ ಇಂದಿನವರೆಗೂ ಮಾರಾಟದಲ್ಲಿದೆ. ಇದರಲ್ಲಿ ಸ್ಪಂಜೇ ಇಲ್ಲ. ದಪ್ಪ ತೊಗಲನ್ನು ಉಕ್ಕಿನ ಚೌಕಟ್ಟಿನ ಎರಡು ತುದಿಗೆ ಬಿಗಿದು ಹೊರಸಿನ ಹಗ್ಗದಂತೆ ತೂಗಿಬಿಟ್ಟಿರುತ್ತಾರೆ. ಹೊಸದರಲ್ಲಿ ಅದು ಕಲ್ಲಿನಷ್ಟೇ ಗಟ್ಟಿ. ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಮೂಳೆ ಕೂರುವ ಎರಡು ಕಡೆ ತೊಗಲು ತುಸು ತಗ್ಗಿ, ಸವಾರನ ಅಳತೆಗೆ ತಾನೇ ಒಗ್ಗುತ್ತದೆ. ತೀರಾ ಜೋಲುಬಿದ್ದರೆ ಮೂತಿಯ ಕೆಳಗಿರುವ ಬೋಲ್ಟನ್ನು ಅರ್ಧ ಸುತ್ತಿನಷ್ಟು ಬಿಗಿಮಾಡಬಹುದು. ಅದಕ್ಕಿಂತ ಹೆಚ್ಚು ಒಂದೇ ಸಲಕ್ಕೆ ತಿರುಗಿಸಿದರೆ ತೊಗಲು ಹರಿಯುವ ಅಪಾಯ. ಇದರ ನಿಜವಾದ ವೈರಿ ನೀರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದೆ ಸುರಿಯುವ ಮಲೆನಾಡು, ಕರಾವಳಿಯಲ್ಲಿ ಚರ್ಮದ ಸೀಟು ಇಟ್ಟುಕೊಂಡವರು ಪ್ಲಾಸ್ಟಿಕ್ ಕವರ್ ಜೊತೆಗೇ ಇಟ್ಟುಕೊಳ್ಳಬೇಕು, ಹಿಂದಿನ ಚಕ್ರಕ್ಕೆ ಮಡ್‌ಗಾರ್ಡ್ ಹಾಕಲೇಬೇಕು. ನೆನೆದ ಸೀಟಿನ ಮೇಲೆ ಕೂತು ಓಡಿಸಿದರೆ ತೊಗಲು ಹಿಗ್ಗಿ ಆಕಾರಗೆಡುತ್ತದೆ. ಒಣಗಿಸುವುದು ನೆರಳಲ್ಲಿ; ಬಿಸಿಲಿಗೆ ಅಥವಾ ಹೀಟರ್‌ಗೆ ಹಿಡಿದರೆ ಬಿರುಕು ಬಿಡುತ್ತದೆ. ಅಷ್ಟೆಲ್ಲ ಆರೈಕೆ ಆಗದು ಎನ್ನುವವರಿಗೆ, ಚರ್ಮ ಬೇಡ ಎನ್ನುವವರಿಗೆ ಅದೇ ಕಂಪನಿ ರಬ್ಬರ್ ಮತ್ತು ಬಟ್ಟೆಯಿಂದ ಮಾಡುವ ಕ್ಯಾಂಬಿಯಂ ಇದೆ. ಬಿ17 ತೂಕ ಅರ್ಧ ಕಿಲೋ ದಾಟುತ್ತದೆ. ರೇಸ್ ಓಡಿಸುವವರು ಮುಖ ಸಿಂಡರಿಸುವುದು ಅದಕ್ಕೆ. 300 ಕಿಲೋಮೀಟರ್ ಓಡಿಸುವವರಿಗೆ ಆ ತೂಕ ಲೆಕ್ಕಕ್ಕಿಲ್ಲ.

ಎತ್ತರ, ಓಲು, ಹಿಂದೆ ಮುಂದೆ

ಹೊಸ ಸೀಟಿಗೆ ಹಣ ಸುರಿಯುವ ಮುಂಚೆ ಇರುವ ಸೀಟನ್ನು ಸರಿಯಾಗಿ ಕೂರಿಸಿ ನೋಡಬೇಕು. ನೋವಿನ ದೂರುಗಳಲ್ಲಿ ಎಷ್ಟೋ ಪಾಲು ಅಲೆನ್ ಕೀ ಒಂದರಲ್ಲೇ ಬಗೆಹರಿಯುತ್ತದೆ.

ಎತ್ತರ ತಿಳಿಯುವ ಸುಲಭ ದಾರಿ ಹಿಮ್ಮಡಿಯದು. ಸೀಟಿನ ಮೇಲೆ ನೆಟ್ಟಗೆ ಕೂತು ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟು ಕೆಳಕ್ಕೆ ಒಯ್ದಾಗ ಮಂಡಿ ಪೂರ್ತಿ ನೆಟ್ಟಗಾಗಬೇಕು. ಆಮೇಲೆ ಮುಂಗಾಲಿನಿಂದ ತುಳಿದರೆ ಮಂಡಿ ತಾನಾಗಿಯೇ ಬೇಕಾದಷ್ಟು ಬಾಗುತ್ತದೆ. ಕೆಳತುದಿಯಲ್ಲಿ 25ರಿಂದ 35 ಡಿಗ್ರಿ ಬಾಗಿದ್ದರೆ ಸರಿ. ಟೂರ್ ಡಿ ಫ್ರಾನ್ಸ್ ಸ್ಪರ್ಧೆ ಗೆದ್ದ ಗ್ರೆಗ್ ಲೆಮಾಂಡ್ ಹೆಸರಿನಲ್ಲಿ ಒಂದು ಲೆಕ್ಕವೂ ಚಾಲ್ತಿಯಲ್ಲಿದೆ. ಬರಿಗಾಲಲ್ಲಿ ಗೋಡೆಗೆ ಒರಗಿ ನಿಂತು, ಎರಡು ಕಾಲುಗಳ ನಡುವೆ ಪುಸ್ತಕವೊಂದನ್ನು ಸೀಟಿನಂತೆ ಮೇಲಕ್ಕೆ ಒತ್ತಿ, ನೆಲದಿಂದ ಅದರ ಮೇಲಂಚಿನವರೆಗೆ ಅಳೆಯಬೇಕು. ಅದನ್ನು 0.883ರಿಂದ ಗುಣಿಸಿದರೆ ಪೆಡಲ್ ತೋಳುಗಳು ತಿರುಗುವ ಅಚ್ಚಿನ, ಅಂದರೆ ಬಿ.ಬಿ. ಆಕ್ಸಲ್‌ನ, ನಡುವಿನಿಂದ ಸೀಟಿನ ಮೇಲ್ಭಾಗದವರೆಗಿನ ಎತ್ತರ ಬರುತ್ತದೆ. ಅಳತೆ 80 ಸೆಂ.ಮೀ. ಇದ್ದರೆ ಸೀಟು 70.6 ಸೆಂ.ಮೀ.ಗೆ. ಸೀಟು ಹೆಚ್ಚು ಎತ್ತರವಾದರೆ ಪೆಡಲ್ ಮುಟ್ಟಲು ಸೊಂಟ ಎಡಬಲ ತೂಗಾಡಿ ತೊಡೆಸಂದು ಉಜ್ಜುತ್ತದೆ. ತೀರಾ ತಗ್ಗಿದ್ದರೆ ಮಂಡಿ ನೋಯುತ್ತದೆ, ಭಾರವೆಲ್ಲ ಸೀಟಿಗೇ ಬೀಳುತ್ತದೆ. ಸೀಟನ್ನು ಹೊತ್ತ ಕೊಳವೆಯ, ಅಂದರೆ ಸೀಟ್ ಪೋಸ್ಟ್‌ನ, ಮೇಲೆ ಕೆತ್ತಿರುವ ಗರಿಷ್ಠ ಗೆರೆ ಹೊರಗೆ ಕಾಣುವಷ್ಟು ಮೇಲೆತ್ತುವಂತಿಲ್ಲ.

ಓಲಿನಲ್ಲಿ, ಅಂದರೆ ಸೀಟಿನ ಮೂತಿ ಎಷ್ಟು ಮೇಲಕ್ಕೆ ಕೆಳಕ್ಕೆ ವಾಲಿದೆ ಎಂಬುದರಲ್ಲಿ, ಸೂಕ್ಷ್ಮ ಹೆಚ್ಚು. ಸಮತಟ್ಟು ನೆಲದಲ್ಲಿ ಸೈಕಲ್ ನಿಲ್ಲಿಸಿ, ಸೀಟಿನ ಮೇಲೆ ಉದ್ದಕ್ಕೆ ಒಂದು ನೇರ ಹಲಗೆ ಇಟ್ಟು, ಹಲಗೆಯ ಮೇಲೆ ಗಾರೆ ಕೆಲಸದವರ ರಸಮಟ್ಟವನ್ನೋ ಫೋನಿನ ಲೆವೆಲ್ ಆ್ಯಪನ್ನೋ ಇಟ್ಟು ನೋಡಬೇಕು. ಆರಂಭ ಸೊನ್ನೆಯಿಂದ. ನಡುವೆ ಒತ್ತುತ್ತಿದ್ದರೆ ಮೂತಿಯನ್ನು ಒಂದು ಡಿಗ್ರಿ, ಬಹಳವೆಂದರೆ ಎರಡು ಮೂರು ಡಿಗ್ರಿ ಇಳಿಸಬಹುದು. ಅದಕ್ಕೂ ಹೆಚ್ಚು ಇಳಿಸಿದರೆ ಮೈ ಮುಂದಕ್ಕೆ ಜಾರುತ್ತದೆ. ಜಾರದಂತೆ ತಡೆಯಲು ಕೈ ಬಿಗಿಹಿಡಿದು ಅಂಗೈ, ಮಣಿಕಟ್ಟು, ಭುಜ ಸೋಲುತ್ತವೆ. ಎರಡು ಬೋಲ್ಟಿನ ಸೀಟ್ ಪೋಸ್ಟ್‌ನಲ್ಲಿ ಒಂದನ್ನು ಸಡಿಲಿಸಿ ಇನ್ನೊಂದನ್ನು ಬಿಗಿದು ಕೂದಲೆಳೆಯಷ್ಟು ಬದಲಿಸಬಹುದು. ಹಲ್ಲುಕಚ್ಚಿನ ಹಳೆಯ ಕ್ಲಿಪ್‌ಗಳಲ್ಲಿ ಒಂದು ಹಲ್ಲು ದಾಟಿದರೆ ಓಲು ಒಮ್ಮೆಲೇ ಹಲವು ಡಿಗ್ರಿ ಹಾರುತ್ತದೆ. ಸೀಟು ಬದಲಿಸುವ ಬದಲು ಸೀಟ್ ಪೋಸ್ಟ್ ಬದಲಿಸಿದ್ದೇ ಕೆಲವರಿಗೆ ಪರಿಹಾರವಾಗುವುದು ಹೀಗೆ.

ಸೀಟನ್ನು ಅಡಿಯ ಕಂಬಿಗಳ ಮೇಲೆ ಹಿಂದೆ ಮುಂದೆ ಸರಿಸುವುದು ಮೂರನೆಯದು. ಎರಡೂ ಪೆಡಲ್‌ಗಳು ಒಂದೇ ಎತ್ತರದಲ್ಲಿದ್ದಾಗ ಮುಂದಿನ ಕಾಲಿನ ಮಂಡಿಚಿಪ್ಪಿನ ಕೆಳಗಿನಿಂದ ಬಿಟ್ಟ ತೂಗುಗುಂಡು ಪೆಡಲ್ ಅಚ್ಚಿನ ಮೇಲೆ ಬರಬೇಕೆಂಬುದು ಹಳೆಯ ಸೂತ್ರ. ಸೈಕಲ್ ತಯಾರಕ ಕೀತ್ ಬಾಂಟ್ರೆಗರ್ ಇದಕ್ಕೆ ಯಾವ ಶಾಸ್ತ್ರಾಧಾರವೂ ಇಲ್ಲವೆಂದು ವಾದಿಸಿದ್ದಾರೆ, ಅವರ ಮಾತಿನಲ್ಲಿ ಹುರುಳೂ ಇದೆ. ಆದರೂ ಎಲ್ಲಿಂದಾದರೂ ಶುರುಮಾಡಬೇಕಲ್ಲ ಎನ್ನುವವರಿಗೆ ಸೂತ್ರ ಸಾಕು. ಸವಾರಿಯುದ್ದಕ್ಕೂ ಮೈ ಸೀಟಿನ ಮೂತಿಗೇ ಸರಿಯುತ್ತಿದ್ದರೆ ಸೀಟನ್ನು ಮುಂದಕ್ಕೆ ಎಳೆಯುವ ಮೊದಲು ಹ್ಯಾಂಡಲ್ ದೂರವಾಗಿದೆಯೇ ಎಂದು ನೋಡಬೇಕು. ಹ್ಯಾಂಡಲನ್ನು ಸೈಕಲ್ಲಿಗೆ ಜೋಡಿಸುವ ಸ್ಟೆಮ್ ಗಿಡ್ಡದು ಹಾಕಿದರೆ, ಅಥವಾ ಹ್ಯಾಂಡಲನ್ನು ಒಂದಷ್ಟು ಎತ್ತರಿಸಿದರೆ, ಅಗಲವಾದ ಹಿಂಭಾಗದಲ್ಲಿ ಕೂರುವುದು ತಾನಾಗಿ ಬರುತ್ತದೆ. ಯಾವುದನ್ನೇ ಬದಲಿಸಿದರೂ ಒಂದು ಸಲಕ್ಕೆ ಒಂದನ್ನೇ, ಎತ್ತರವಾದರೆ 3ರಿಂದ 5 ಮಿ.ಮೀ. ಮಾತ್ರ. ಒಟ್ಟಿಗೆ ಮೂರೂ ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ.

ಬಟ್ಟೆ, ಚರ್ಮ, ರಸ್ತೆ

ಜೀನ್ಸ್ ಪ್ಯಾಂಟಿನ ನಾಲ್ಕು ಹೊಲಿಗೆಗಳು ಕೂಡುವ ಜಾಗ ಸರಿಯಾಗಿ ಸೀಟಿನ ಮೇಲೆಯೇ ಬರುತ್ತದೆ. ದೂರ ಹೋಗುವವರು ಪ್ಯಾಡ್ ಇರುವ ಬಿಗಿ ಶಾರ್ಟ್ಸ್ ತೊಡಬೇಕು, ಅದರೊಳಗೆ ಒಳಚಡ್ಡಿ ಹಾಕಬಾರದು. ಸಂಕೋಚದಿಂದ ಒಳಚಡ್ಡಿ ಹಾಕಿದರೆ ಅದರ ಅಂಚಿನ ಹೊಲಿಗೆಯೇ ತೊಡೆ ಸುಲಿಯುತ್ತದೆ. ದಪ್ಪ ಪ್ಯಾಡಿನ ಶಾರ್ಟ್ಸಿಗೆ ದಪ್ಪ ಮೆತ್ತೆಯ ಸೀಟು ಸೇರಿದರೆ ಮೊದಲು ಹೇಳಿದ ಉಬ್ಬಿನ ತೊಂದರೆ ಇಮ್ಮಡಿ. ಉಜ್ಜುವ ಜಾಗಕ್ಕೆ ಶ್ಯಾಮಿ ಕ್ರೀಮ್ ಹಚ್ಚುತ್ತಾರೆ. ಕೊಬ್ಬರಿ ಎಣ್ಣೆ, ವ್ಯಾಸಲೀನ್ ಕೂಡ ಕೆಲಸ ಮಾಡುತ್ತವೆ, ವ್ಯಾಸಲೀನ್ ಜಿಡ್ಡು ಪ್ಯಾಡಿನಿಂದ ತೊಳೆದುಹೋಗುವುದು ಮಾತ್ರ ಕಷ್ಟ.

ಸವಾರಿ ಮುಗಿದ ಮೇಲೆ ಬೆವರಿನ ಶಾರ್ಟ್ಸಿನಲ್ಲೇ ಕೂತು ಹರಟುವುದು ಕುರುಗಳಿಗೆ ಆಹ್ವಾನ. ಕೂಡಲೇ ತೊಳೆದುಕೊಂಡು ಸಡಿಲವಾದ ಹತ್ತಿ ಬಟ್ಟೆಗೆ ಬದಲಾಯಿಸಬೇಕು. ಹಲವು ದಿನದ ಪ್ರವಾಸಕ್ಕೆ ಎರಡು ಜೊತೆ ಶಾರ್ಟ್ಸ್ ಬೇಕೇ ಬೇಕು, ಏಕೆಂದರೆ ರಾತ್ರಿ ತೊಳೆದದ್ದು ಬೆಳಿಗ್ಗೆ ಒಣಗುವ ಖಾತ್ರಿಯಿಲ್ಲ. ಎದ್ದ ಕುರುವನ್ನು ಹಿಸುಕಬಾರದು. ಒಂದೆರಡು ದಿನ ಸೈಕಲ್ ಬಿಟ್ಟರೆ ಸಾಮಾನ್ಯವಾಗಿ ಇಳಿಯುತ್ತದೆ, ಇಳಿಯದಿದ್ದರೆ ವೈದ್ಯರಿಗೆ ತೋರಿಸಬೇಕು.

ರಸ್ತೆಯ ಕುಲುಕಾಟ ಸೀಟಿಗೆ ಬರುವುದು ಟೈರ್ ಮೂಲಕ. 23 ಮಿ.ಮೀ. ಟೈರಿಗೆ ಕಲ್ಲಿನಂತೆ ಗಾಳಿ ತುಂಬಿ ಸೀಟನ್ನು ಬೈಯುವವರು ಬಹಳ. ಫ್ರೇಮಿನಲ್ಲಿ ಜಾಗವಿದ್ದರೆ 28 ಅಥವಾ 32 ಮಿ.ಮೀ. ಟೈರು ಹಾಕಿ ಗಾಳಿ ತಗ್ಗಿಸಿದರೆ ಸಿಗುವ ಹಿತವನ್ನು ಎಷ್ಟೋ ಸೀಟುಗಳು ಕೊಡುವುದಿಲ್ಲ. ಹಂಪ್ಸ್, ಗುಂಡಿ ಬಂದಾಗ ಪೆಡಲ್ ಮೇಲೆ ನಿಲ್ಲುವುದು, ಏನೂ ಬರದಿದ್ದರೂ 10–15 ನಿಮಿಷಕ್ಕೊಮ್ಮೆ ಕೆಲವು ಕ್ಷಣ ಎದ್ದು ನಿಂತು ರಕ್ತ ಹರಿಯಲು ಬಿಡುವುದು ರೂಢಿಯಾಗಬೇಕು. ಏರಿಳಿತವಿಲ್ಲದ ನೇರ ಹೆದ್ದಾರಿಯಲ್ಲಿ ಘಟ್ಟದ ರಸ್ತೆಗಿಂತ ಹೆಚ್ಚು ನೋವಾಗುವುದು ಎದ್ದು ನಿಲ್ಲುವ ಸಂದರ್ಭವೇ ಬಾರದ್ದರಿಂದ.

ಪರೀಕ್ಷೆ

ಅಂಗಡಿ ಮುಂದಿನ ಒಂದು ಸುತ್ತಿನಲ್ಲಿ ಸೀಟಿನ ಗುಣ ತಿಳಿಯದು. ಎರಡು ಮೂರು ಗಂಟೆಯ ಕೆಲವು ಸವಾರಿ ಬೇಕು. ಕೆಲವು ಅಂಗಡಿಗಳು ಪರೀಕ್ಷೆಗೆಂದೇ ಸೀಟು ಕೊಟ್ಟು ಕಳಿಸುತ್ತವೆ. ಸೈಕಲ್ ಕ್ಲಬ್‌ಗಳಲ್ಲಿ ಒಬ್ಬರು ಬಿಟ್ಟ ಸೀಟು ಇನ್ನೊಬ್ಬರಿಗೆ ಕಡಿಮೆ ಬೆಲೆಗೆ ದಾಟುವುದು ಸಾಮಾನ್ಯ. ಗೊತ್ತಾದ ಸಮಯದೊಳಗೆ ಮುಗಿಸಬೇಕಾದ ಬ್ರೆವೆ ಎಂಬ ದೂರದ ಸವಾರಿಗಳಲ್ಲಿ 200 ಕಿಲೋಮೀಟರಿಗೆ 13 ಗಂಟೆ 30 ನಿಮಿಷ, 600ಕ್ಕೆ 40 ಗಂಟೆ ಗಡುವು. ಬೆಂಗಳೂರಿನಂಥ ಊರುಗಳಿಂದ ಹೊರಡುವ ಇಂಥ ಸವಾರಿಗೆ ಹೊಸ ಸೀಟು ಹಾಕಿಕೊಂಡು ನಿಲ್ಲುವುದು ಬುದ್ಧಿವಂತಿಕೆಯಲ್ಲ.

ಹೊಸಬರಿಗೆ, ಬಹಳ ದಿನ ಬಿಟ್ಟು ಮತ್ತೆ ಏರಿದವರಿಗೆ, ಮೂಳೆ ಕೂರುವ ಎರಡು ಜಾಗದಲ್ಲಿ ನೋವು ಇದ್ದೇ ಇರುತ್ತದೆ. ನಿಯತವಾಗಿ ಓಡಿಸಿದರೆ ಒಂದೆರಡು ವಾರದಲ್ಲಿ ಅದು ಮಾಯುತ್ತದೆ, ಸೀಟನ್ನು ದೂರಬೇಕಿಲ್ಲ. ಜೋಮಿನದು ಹಾಗಲ್ಲ, ಅದು ರೂಢಿಯಾಗುವ ಸಂಗತಿಯೇ ಅಲ್ಲ, ಮೊದಲ ದಿನವೇ ಏನಾದರೂ ಬದಲಿಸಬೇಕು. ನೋವು ಮೂಳೆಗಳ ಹೊರಬದಿಯಲ್ಲಿದ್ದರೆ ಸೀಟು ಕಿರಿದು, ತೊಡೆಯ ಒಳಬದಿ ಸುಲಿದರೆ ಅಗಲ ಹೆಚ್ಚು ಅಥವಾ ಎತ್ತರ ಹೆಚ್ಚು. ಒಂದೇ ಬದಿಗೆ ಹುಣ್ಣಾಗುತ್ತಿದ್ದರೆ ಸೀಟಿನ ಮೂತಿ ನೇರಕ್ಕಿದೆಯೇ ನೋಡಬೇಕು. ಅದು ಸರಿಯಿದ್ದರೆ ಎರಡು ಕಾಲಿನ ಉದ್ದದಲ್ಲಿ ವ್ಯತ್ಯಾಸವಿರಬಹುದು, ಬೈಕ್ ಫಿಟ್ ಮಾಡುವವರ ಬಳಿ ಹೋಗುವುದು ಒಳಿತು. ಸೈಕಲ್ ಇಳಿದು ಗಂಟೆಗಳಾದರೂ ಜೋಮು ಬಿಡದಿದ್ದರೆ, ಮೂತ್ರದಲ್ಲಿ ರಕ್ತ ಕಂಡರೆ, ಊತ ಇಳಿಯದಿದ್ದರೆ ಸವಾರಿ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಮೂಲವ್ಯಾಧಿ, ಪ್ರಾಸ್ಟೇಟ್ ತೊಂದರೆ ಇರುವವರು ಮೊದಲೇ ಕೇಳಿಕೊಂಡು ಹೊರಡುವುದು ಲೇಸು.

ಸೀಟು ಬದಲಿಸುವಾಗ ಹಳೆಯದನ್ನು ಬಿಚ್ಚುವ ಮುಂಚೆ ಅಳತೆ ಬರೆದಿಟ್ಟುಕೊಳ್ಳಬೇಕು. ಸೀಟುಗಳ ದಪ್ಪ ಒಂದೊಂದರದು ಒಂದೊಂದು, ಆದ್ದರಿಂದ ಪೋಸ್ಟ್ ಮೇಲಿನ ಗುರುತಲ್ಲ, ಬಿ.ಬಿ. ಆಕ್ಸಲ್‌ನಿಂದ ಸೀಟಿನ ಮೇಲ್ಭಾಗಕ್ಕಿರುವ ಎತ್ತರವೇ ಲೆಕ್ಕ. ಹ್ಯಾಂಡಲ್‌ಗಿರುವ ದೂರವನ್ನು ಮೂತಿಯ ತುದಿಯಿಂದ ಅಳೆದರೆ ಉದ್ದ ಸೀಟಿನಿಂದ ಗಿಡ್ಡ ಸೀಟಿಗೆ ಹೋಗುವಾಗ ತಪ್ಪುತ್ತದೆ. ಎರಡೂ ಸೀಟುಗಳ ಅಗಲ 80 ಮಿ.ಮೀ. ಆಗುವ ಜಾಗಕ್ಕೆ ಟೇಪ್ ಅಂಟಿಸಿ ಅಲ್ಲಿಂದ ಅಳೆಯುವುದು ಫಿಟ್ ಮಾಡುವವರ ಪದ್ಧತಿ. ಕಂಬಿಗಳು ಉಕ್ಕಿನ ದುಂಡನೆಯ 7 ಮಿ.ಮೀ.ನವಾದರೆ ಬಹುತೇಕ ಸೀಟ್ ಪೋಸ್ಟ್‌ಗಳಿಗೆ ಕೂರುತ್ತವೆ. ಕಾರ್ಬನ್ ಕಂಬಿಗಳು ಹಲವು ಕಡೆ 7×9 ಮಿ.ಮೀ.ನ ಮೊಟ್ಟೆಯಾಕಾರದವು, ಅವಕ್ಕೆ ತಕ್ಕ ಕ್ಲಾಂಪ್ ಇಲ್ಲದೆ ಬಿಗಿದರೆ ಸೀಳುತ್ತವೆ.